ಮಣ್ಣಾದ ಮೇಲೂ ಮಾತಾಡಿದ ಮೇಷ್ಟ್ರು

ಫೋನಿನಲ್ಲಿ ಸತ್ತವರ ದನಿ ಶುರುವಾಗುತ್ತಿದ್ದಂತೆ ಓಬಳಯ್ಯ ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ.

ಯಾರೂ ಹಾಗೆ ಮಾಡು ಎಂದಿರಲಿಲ್ಲ. ಹೋದ ಬುಧವಾರ ಉಪಚುನಾವಣೆಗೆ ಮತಗಟ್ಟೆಯಾಗಿದ್ದ ಅರಳೀಪಾಳ್ಯದ ಶಾಲೆಯ ಕೋಣೆ ಈ ಮಂಗಳವಾರ ಮತ್ತೆ ನಾಲ್ಕನೇ ತರಗತಿಯಾಗಿತ್ತು. ಮಕ್ಕಳನ್ನು ಜಗಲಿಗೆ ಕಳಿಸಿ, ತುಮಕೂರು ಸೈಬರ್ ಠಾಣೆಯ ಎಎಸ್‌ಐ ನೇತ್ರಾವತಿ ಮೇಜಿನ ಮೇಲೆ ತನ್ನ ಫೋನಿಟ್ಟು ಕೇಳಿಸುತ್ತಿದ್ದಳು.

"ನಾನು ರುದ್ರಯ್ಯ. ಅರಳೀಪಾಳ್ಯದ ಮತಗಟ್ಟೆ ಅಧಿಕಾರಿ. ನಮ್ಮ ಯಂತ್ರದಲ್ಲಿ ಮತದಾನ ಶುರುವಾಗುವ ಮುಂಚೆಯೇ ಐವತ್ತು ಓಟು ಕೂತಿದ್ದವು. ನಾನು ಹೇಳಲು ಹೊರಟೆ. ಎದುರಿಗೆ ಕೂತಿದ್ದವಳು, ಸುಮ್ಮನಿರಿ, ಯಾರಿಗೂ ಹೇಳಬೇಡಿ ಅಂದಳು. ಈ ಪಾಪ ಹೊತ್ತುಕೊಂಡು ಬದುಕೋಕೆ ನನ್ನಿಂದ ಆಗ್ತಿಲ್ಲ."

ಅಷ್ಟೇ. ಅರ್ಧ ನಿಮಿಷವೂ ಇಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಅದನ್ನು ಕೇಳದ ಕಿವಿ ಉಳಿದಿರಲಿಲ್ಲ.

ಗಣಿತದ ಮೇಷ್ಟ್ರು ರುದ್ರಯ್ಯ ಶುಕ್ರವಾರ ನಸುಕಿನಲ್ಲಿ ಹುತ್ರಿದುರ್ಗದ ಬೆಟ್ಟದಿಂದ ಬಿದ್ದು ಸತ್ತಿದ್ದರು. ಮತಗಟ್ಟೆ ಅಧಿಕಾರಿಯ ಸಾವು ಎಂದು ಶನಿವಾರದ ಪತ್ರಿಕೆಗಳಲ್ಲೆಲ್ಲ ಬಂತು. ಅಂದೇ ಮಣ್ಣು ಮಾಡಿದರು. ಭಾನುವಾರ ಬೆಳಿಗ್ಗೆ ಈ ದನಿ ಹೊರಬಿತ್ತು.

"ಸಾಕು ಬುಡಿ ಅಮ್ಮಾವ್ರೆ," ಎಂದ ಓಬಳಯ್ಯ. ಅವನು ಊರಿನ ಗ್ರಾಮ ಸಹಾಯಕ. ಮತದಾನದ ದಿನ ಬೆಳಗಿನಿಂದ ಸಂಜೆವರೆಗೆ ಈ ಕೋಣೆಯ ಬಾಗಿಲಲ್ಲೇ ಇದ್ದವನು. "ನನ್ ಕೈಲಿ ನೀರ್ ಇಸ್ಕೊಂಡು ಕುಡ್ದೋರು. ಇನ್ನೂ ವಾರ ತುಂಬಿಲ್ಲ."

"ದನಿ ಅವರದ್ದೇನಾ?"

"ಅವರದ್ದೇಯ. ಆದ್ರೆ..." ಓಬಳಯ್ಯ ಕಿಟಕಿಯ ಕಡೆ ನೋಡಿದ. "ಆ ಮಾತು ಇಲ್ಲಿ ಯಾರೂ ಆಡ್ನಿಲ್ಲ."

ನೇತ್ರಾವತಿಗೆ ಯಂತ್ರಗಳ ವಿಷಯ ಅಷ್ಟಕ್ಕಷ್ಟೆ. ಓದಿದ್ದು ಪಿಯುಸಿ, ಕಾನ್‌ಸ್ಟೆಬಲ್ ಆಗಿ ಸೇರಿ ಮೂವತ್ತೊಂದು ವರ್ಷ ಸವೆಸಿ ಎಎಸ್‌ಐ ಆದವಳು. ಸೈಬರ್ ಠಾಣೆಯ ಹೊಸಬರು ಪರದೆ ನೋಡುತ್ತಿದ್ದರೆ ಆಕೆ ಪರದೆಯ ಮುಂದೆ ಕೂತವರ ಮುಖ ನೋಡುತ್ತಿದ್ದಳು. ಆದ್ದರಿಂದ ಓಬಳಯ್ಯನನ್ನು ಪ್ರಶ್ನೆ ಕೇಳಿ ಸುಸ್ತು ಮಾಡಲಿಲ್ಲ. ಆ ದಿನ ಯಾರು ಎಲ್ಲಿ ಕೂತಿದ್ದರೋ ಹಾಗೆ ಬೆಂಚು ಜೋಡಿಸು, ಬೆಳಗಿನಿಂದ ನಡೆದದ್ದನ್ನು ನಡೆದ ಹಾಗೆ ಮಾಡಿ ತೋರಿಸು ಎಂದಳು.

ಓಬಳಯ್ಯ ಬೆಂಚು ಎಳೆದ. ಇಲ್ಲಿ ಮೇಷ್ಟ್ರು. ಅವರ ಎದುರಿಗೆ, ಯಂತ್ರದ ಗುಂಡಿ ಒತ್ತುವ ಜಾಗದಲ್ಲಿ, ತುಮಕೂರಿನ ಶಾಲೆಯ ಯಾಸ್ಮೀನ್ ಮೇಡಂ. ಶಾಯಿ ಹಚ್ಚುವವರು ಮೂಲೆಯಲ್ಲಿ. ಕೋಣೆಯಲ್ಲಿದ್ದ ಹೆಂಗಸು ಯಾಸ್ಮೀನ್ ಒಬ್ಬಳೇ. ಎದುರಿಗೆ ಕೂತಿದ್ದವಳು ಎಂದರೆ ಯಾರೆಂದು ಜಿಲ್ಲೆಗೆಲ್ಲ ಅರ್ಥವಾಗಿದ್ದು ಹಾಗೆ.

ಮತದಾನಕ್ಕೆ ಮುಂಚೆ ಪಕ್ಷಗಳ ಏಜೆಂಟರ ಎದುರಿಗೆ ಐವತ್ತು ಓಟು ಸುಮ್ಮನೆ ಹಾಕಿ, ಯಂತ್ರ ನೆಟ್ಟಗಿದೆ ಎಂದು ತೋರಿಸಬೇಕು. ಅದರ ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಯಲ್ಲಿಟ್ಟು ಅರಗು ಒತ್ತಬೇಕು. ಆಮೇಲೆ ಒಂದು ಗುಂಡಿ ಒತ್ತಿ ಆ ಐವತ್ತನ್ನೂ ಅಳಿಸಿ ಸೊನ್ನೆ ಮಾಡಬೇಕು. ಮೇಷ್ಟ್ರು ಐವತ್ತು ಓಟು ಹಾಕಿಸಿದರು. ಚೀಟಿ ಎಣಿಸಿ ಲಕೋಟೆಗೆ ಹಾಕಿದರು. ಅರಗು ಒತ್ತಿದರು. ಅಷ್ಟರಲ್ಲಿ ಯಲ್ಲಯ್ಯ ಬಂದ.

"ಯಾರು ಯಲ್ಲಯ್ಯ?"

ಓಬಳಯ್ಯನಿಗೆ ಆಶ್ಚರ್ಯವಾಯಿತು, ಯಲ್ಲಯ್ಯ ಗೊತ್ತಿಲ್ಲದವರೂ ಉಂಟೆ. ಅರಳೀಪಾಳ್ಯದಲ್ಲಿ ಬಾವಿ ತೆಗೆಯಲಿ, ಬಿತ್ತನೆ ಶುರುವಾಗಲಿ, ಅಂಗಡಿ ಬಾಗಿಲು ತೆರೆಯಲಿ, ಮೊದಲ ಕೈ ಯಲ್ಲಯ್ಯನದು. ತೊಂಬತ್ತು ದಾಟಿದೆ. ಕೈಗುಣ ಅಂಥದ್ದು. ಯಾವುದರಲ್ಲೂ ಒಪ್ಪದ ಮೂರು ಪಕ್ಷದವರು ಒಂದರಲ್ಲಿ ಒಪ್ಪುತ್ತಾರೆ: ಊರಿನ ಬೋಣಿ ಓಟು ಯಲ್ಲಯ್ಯನದೇ ಆಗಬೇಕು, ಅದೂ ಸರಿಯಾಗಿ ಏಳಕ್ಕೆ. ನಾಲ್ವರು ಪ್ಲಾಸ್ಟಿಕ್ ಕುರ್ಚಿ ಸಮೇತ ಹೊತ್ತು ತಂದು ಹೊಸಿಲ ಮೇಲಿಟ್ಟರು. ಏಳಕ್ಕೆ ಎರಡು ನಿಮಿಷ ಬಾಕಿ. ಆಯ್ತಾ, ಆಯ್ತಾ ಎಂದು ಹೊರಗಿನಿಂದ ಕೂಗು. ಮೇಷ್ಟ್ರು ದೊಡ್ಡವರನ್ನು ಕಂಡರೆ ಕೂತು ಮಾತಾಡುವವರಲ್ಲ. ಎದ್ದು ಹೋಗಿ ಯಲ್ಲಯ್ಯನ ಕಾಲು ಮುಟ್ಟಿದರು. ತಿರುಗಿ ಬಂದು, ಕೆಲಸ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಒಂದು ಹೆಜ್ಜೆ ಮುಂದಕ್ಕೆ ಕೈ ಹಾಕಿದರು: ಯಂತ್ರಕ್ಕೆ ಸೀಲು ಅಂಟಿಸಿಬಿಟ್ಟರು.

ಅಳಿಸುವ ಗುಂಡಿ ಒತ್ತಲಿಲ್ಲ.

ಊರಿಗೆ ಒಳ್ಳೆಯದಾಗಲಿ ಎಂದು ಹೊತ್ತು ತಂದ ಕೈಗುಣವೇ ಹೀಗೆ ಕೈ ಕೊಟ್ಟಿತ್ತು. ಕಳ್ಳತನ ಹುಡುಕುತ್ತಿರುವವರ ಕಣ್ಣಿಗೆ ಇಂಥದ್ದು ಎಂದೂ ಬೀಳುವುದಿಲ್ಲ.

"ಯಾವಾಗ ಗೊತ್ತಾಯ್ತು?"

"ಒಂಬತ್ ಗಂಟೆಗೆ ಲೆಕ್ಕ ಕಳಿಸ್ಬೇಕಲ್ಲ, ಆವಾಗ. ಪುಸ್ತಕದಾಗೆ ಎಪ್ಪತ್ತೊಂದು ಜನ, ಮಿಷನ್ನಾಗೆ ನೂರಾ ಇಪ್ಪತ್ತೊಂದು. ಏಜೆಂಟ್ರೆಲ್ಲ ಚಿತ್ರಾನ್ನ ತಿನ್ನಕ್ ಹೋಗಿದ್ರು. ಆ ಮೇಡಮ್ಮೇ ಮೊದ್ಲು ನೋಡಿದ್ದು. ಸಾರ್, ಈಗ್ಲೇ ಮೇಲಿನವರಿಗೆ ಹೇಳಿಬಿಡಿ ಅಂತ ಎರಡ್ ಸಲ ಅಂದ್ರು. ನಾನ್ ಕೊಡ ಇಳಿಸ್ತಾ ಇದ್ದೆ, ಕೇಳುಸ್ತು. ಮೇಷ್ಟ್ರು ಸಂಜೆ ನೋಡನ ಅಂದ್ರು. ಸಂಜೇನೂ ಹೇಳ್ನಿಲ್ಲ, ಪುಸ್ತಕದ ಲೆಕ್ಕನೇ ಬರ್ದು ಕಳ್ಸಿದ್ರು."

"ಸುಮ್ಮನಿರಿ ಅಂತ?"

"ಯಾರೂ ಅನ್ನಿಲ್ಲ. ಅನ್ನೋಳ ಮಖ ಅದಲ್ಲ."

ನೇತ್ರಾವತಿ ಅದನ್ನೇ ಬರೆದುಕೊಂಡು ಅವನ ಸಹಿ ಹಾಕಿಸಿಕೊಂಡಳು. ಆದರೆ ಅದರ ತೂಕ ಎಷ್ಟು ಎಂಬುದು ಆಕೆಗೆ ಗೊತ್ತಿತ್ತು. ಕಪ್ಪು ಲಕೋಟೆ ತುಮಕೂರಿನಲ್ಲಿ ಬೀಗದೊಳಗಿತ್ತು. ಶನಿವಾರ ಎಣಿಕೆಯ ದಿನದವರೆಗೂ ಅದನ್ನು ತೆರೆಯುವಂತಿಲ್ಲ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಚುನಾವಣಾಧಿಕಾರಿಯ ಕಚೇರಿಯಲ್ಲಿ ರುದ್ರಯ್ಯನವರ ಹೆಂಡತಿ ಹೇಳಿಕೆ ಕೊಡುವವರಿದ್ದರು. ದನಿ ನನ್ನ ಗಂಡನದೇ ಎಂದು ಆಕೆ ಸಹಿ ಮಾಡಿದ ಕ್ಷಣ ಯಾಸ್ಮೀನ್ ಮೇಲೆ ಕೇಸು, ಸಂಜೆಯೊಳಗೆ ಜೈಲು. ಗ್ರಾಮ ಸಹಾಯಕನ ಮಾತು ಸತ್ತವನ ಮಾತಿನ ಮುಂದೆ ನಿಲ್ಲುವುದಿಲ್ಲ.

ಹೊರಡುವಾಗ ಓಬಳಯ್ಯ ಮೆಲ್ಲಗೆ ಕೇಳಿದ. "ಅಮ್ಮಾವ್ರೆ, ಆ ದನಿ ಎಲ್ಲಿಂದ ಬಂತಂತೆ?"

"ದೇಶದ ಆಚೆಯಿಂದ ಅಂತಿದ್ದಾರೆ. ಯಾವ ದೇಶ ಅಂತ ಗೊತ್ತಿಲ್ಲ."

ಓಬಳಯ್ಯ ತಲೆ ಆಡಿಸಿದ. "ಸತ್ತೋರು ಅಷ್ಟ್ ದೂರ ಹೋಗ್ತಾರೆ ಅಂತ ನಂಗ್ ಗೊತ್ತಿರ್ನಿಲ್ಲ."

* * *

ತುಮಕೂರಿನಲ್ಲಿ ಯಾಸ್ಮೀನ್‌ಳ ತಂದೆ ಮುಖ್ತಾರ್ ಅಹಮದರ ಹಾಸಿಗೆ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಅದರ ಮೇಲೆ ಯಾರೋ ಸುಣ್ಣದಲ್ಲಿ 'ವಿದೇಶಿ ಏಜೆಂಟ್' ಎಂದು ಬರೆದು ಹೋಗಿದ್ದರು. ಮುಖ್ತಾರ್ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಒರೆಸಿದಷ್ಟೂ ಬಿಳಿ ಹರಡುತ್ತಿತ್ತು.

"ಮೂವತ್ತು ವರ್ಷದಿಂದ ತುಮಕೂರಿನವರಿಗೆ ದಿಂಬು ತುಂಬಿ ಕೊಟ್ಟಿದೀನಿ ಅಮ್ಮ," ಎಂದರು. "ಎಲ್ಲರೂ ನಮ್ ದಿಂಬಿನ ಮೇಲೆ ಆರಾಮಾಗಿ ಮಲಗ್ತಿದ್ದಾರೆ. ನಮಗೇ ನಿದ್ದೆ ಇಲ್ಲ."

ರಸ್ತೆಯ ಆಚೆ ಆರೇಳು ಜನ ನಿಂತಿದ್ದರು. ಕೂಗಾಟವಿಲ್ಲ, ಕಲ್ಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಮುಖ್ತಾರರ ಹಳೆಯ ಗಿರಾಕಿಗಳು.

ಅಂಗಡಿಯ ಹಿಂದೆಯೇ ಮನೆ. ಯಾಸ್ಮೀನ್ ಶಾಲೆಯ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಳು. ಕೆಲಸದಿಂದ ಅಮಾನತು ಮಾಡಿದ್ದರೂ ತಿದ್ದುತ್ತಿದ್ದಳು. ಅವಳ ಅಣ್ಣ ತಾರಿಖ್ ಶಾರ್ಜಾದಲ್ಲಿ ಎಸಿ ರಿಪೇರಿ ಮಾಡುತ್ತಾನೆ, ವಾರಕ್ಕೆರಡು ಸಲ ಅಮ್ಮನಿಗೆ ಫೋನ್ ಮಾಡುತ್ತಾನೆ. ಆ ಕರೆಗಳ ಪಟ್ಟಿಯನ್ನು ಹಿಡಿದುಕೊಂಡೇ ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಬಸವರಾಜ್ ವಿದೇಶದ ನಂಟು ಸಿಕ್ಕಿತು ಎಂದು ಎದೆ ಉಬ್ಬಿಸಿದ್ದು. ಮಗ ತಾಯಿಗೆ ಊಟ ಆಯ್ತಾ ಎಂದು ಕೇಳುವುದನ್ನು ನಂಟು ಎನ್ನದೆ ಇನ್ನೇನು ಅನ್ನಬೇಕು ಎಂದು ನೇತ್ರಾವತಿ ಅವರಿಗೆ ಹೇಳಿಯೂ ಇದ್ದಳು. ಸಾಹೇಬರಿಗೆ ಹಿಡಿಸಿರಲಿಲ್ಲ.

ಬೆಂಗಳೂರಿನ ತಾಂತ್ರಿಕ ವಿಭಾಗದವರು ಹೇಳಿದ್ದು ಬೇರೆ. ದನಿಯನ್ನು ಮೊದಲು ಹರಿಬಿಟ್ಟ ಜಾಲತಾಣದ ಪುಟವನ್ನು ಹೊರದೇಶದಲ್ಲಿ ಕೂತು ನಡೆಸುತ್ತಿದ್ದಾರೆ. ಅದೇ ಪುಟ ಹೋದ ತಿಂಗಳು ಬೇರೆ ರಾಜ್ಯದಲ್ಲಿ, ಬೇರೆ ಭಾಷೆಯಲ್ಲಿ, ಇಂಥದ್ದೇ ಕೆಲಸ ಮಾಡಿತ್ತು; ಅಲ್ಲಿ ಓಡಾಟಕ್ಕೆ ಊರಿನ ಬಾಡಿಗೆಯವರೂ ಇದ್ದರು. ಯಾರು ಗೆದ್ದರೂ ಅವರಿಗೆ ಚಿಂತೆಯಿಲ್ಲ. ಗೆದ್ದವನನ್ನು ಜನ ನಂಬಬಾರದು, ಅಷ್ಟೇ ಬೇಕು. ರುದ್ರಯ್ಯ ಲಾಕ್‌ಡೌನ್‌ನಲ್ಲಿ ಮಕ್ಕಳಿಗಾಗಿ ಯೂಟ್ಯೂಬಿಗೆ ಹಾಕಿದ್ದ ಗಣಿತದ ಪಾಠಗಳಿಂದ ದನಿ ಕದ್ದು ಕಂಪ್ಯೂಟರಿನಲ್ಲಿ ಹೊಸ ಮಾತು ಕಟ್ಟಿರಬಹುದು. ಇರಬಹುದು ಅಷ್ಟೇ, ವರದಿಗೆ ಹತ್ತು ದಿನ ಬೇಕು.

ಹೊರದೇಶದವನಿಗೆ ದನಿ ಸಿಗಬಹುದು. ಆದರೆ ಐವತ್ತು ಎಂಬ ಸಂಖ್ಯೆ ಅರಳೀಪಾಳ್ಯದ ಕೋಣೆಯೊಳಗಿನದು. ಅದನ್ನು ಕೊಟ್ಟವರು ಯಾರು ಎಂಬುದೇ ನೇತ್ರಾವತಿಯನ್ನು ಕೊರೆಯುತ್ತಿದ್ದ ಪ್ರಶ್ನೆ. ಹಸು ಕದಿಯಲು ಎಲ್ಲಿಂದಲೋ ಬರುತ್ತಾರೆ, ಕೊಟ್ಟಿಗೆಯ ದಾರಿ ತೋರಿಸುವವನು ಊರಲ್ಲೇ ಇರುತ್ತಾನೆ.

"ಮೂರೇ ಜನಕ್ಕೆ ಗೊತ್ತಿದ್ದಿದ್ದು ಮೇಡಂ," ಎಂದಳು ಯಾಸ್ಮೀನ್. "ಸಾರ್, ನಾನು, ಆ ಓಬಳಯ್ಯ. ನಾನು ಯಾರಿಗೂ ಹೇಳಲಿಲ್ಲ. ಸಾರ್ ಮರ್ಯಾದೆ ಪ್ರಶ್ನೆ."

"ಯಾರಿಗೂ?"

"ಯಾರಿಗೂ."

ಒಲೆಯ ಮುಂದೆ ಕೂತಿದ್ದ ತಾಯಿ ಜಮಾಲುನ್ನೀಸಾ ತಲೆಯ ಸೆರಗು ಸರಿಪಡಿಸಿಕೊಂಡು ಹೇಳಿದಳು. "ನಂಗ್ ಹೇಳಿದ್ಲು. ಅವತ್ತು ರಾತ್ರಿನೇ. ಊಟ ಸೇರ್ಲಿಲ್ಲ ಅವಳಿಗೆ, ಏನಾಯ್ತು ಅಂದೆ, ಅತ್ಕೊಂಡು ಹೇಳಿದ್ಲು."

ಯಾಸ್ಮೀನ್ ಮುಖ ಕೆಂಪಾಯಿತು. "ಅಮ್ಮಿ, ಅದು ಹೇಳಿದ್ದು ಅಂತ ಆಗುತ್ತಾ? ನೀನು ಅಮ್ಮಿ."

ನೇತ್ರಾವತಿ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟಳು. ಮೂರು ದಿನದಿಂದ ತಾನು ಎಡವಿದ್ದು ಎಲ್ಲಿ ಎಂದು ಆಗ ಹೊಳೆಯಿತು. ಮೂರು ಜನಕ್ಕೆ ಗೊತ್ತು ಎಂದರೆ ಮೂರು ಮನೆಗೆ ಗೊತ್ತು. ಮನೆಯಲ್ಲಿ ಹೇಳಿದ್ದನ್ನು ಯಾರೂ ಹೇಳಿದ್ದು ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ರುದ್ರಯ್ಯನವರಿಗೂ ಒಂದು ಮನೆ ಇತ್ತು. ಕುಣಿಗಲ್ಲಿನಲ್ಲಿ.

* * *

ಇಲಾಖೆಯ ಜೀಪು ಬಂದೋಬಸ್ತಿಗೆ ಹೋಗಿತ್ತು. ನೇತ್ರಾವತಿ ಕುಣಿಗಲ್ ಬಸ್ಸು ಹತ್ತಿದಳು.

ಹೆಬ್ಬೂರು ಇನ್ನೂ ಬಂದಿರಲಿಲ್ಲ, ಹಿಂದಿನ ಸೀಟಿನಿಂದ ರುದ್ರಯ್ಯ ಮಾತಾಡಿದರು. ಎರಡು ಕ್ಷಣ ಬಿಟ್ಟು ಮುಂದಿನ ಸೀಟಿನಿಂದ. ಆಮೇಲೆ ಡ್ರೈವರ್ ಪಕ್ಕದಿಂದ. ಮೂರು ಫೋನುಗಳಲ್ಲಿ ಒಂದೇ ದನಿ, ಒಂದರ ಬೆನ್ನಿಗೆ ಒಂದು. ಬದುಕೋಕೆ ಆಗ್ತಿಲ್ಲ, ಆಗ್ತಿಲ್ಲ, ಆಗ್ತಿಲ್ಲ ಎನ್ನುತ್ತ ಮುಗಿಯಿತು.

ಡೇರಿಯ ಖಾಲಿ ಕ್ಯಾನು ಕಾಲ ಸಂದಿಯಲ್ಲಿಟ್ಟುಕೊಂಡಿದ್ದ ಒಬ್ಬ ಈ ಸಲ ತಾನು ಓಟು ಹಾಕಿದ್ದು ಯಾರಿಗೆ ಹೋಯಿತೋ ಎಂದ. ಬಟನ್ ಒತ್ತಿದಾಗ ಪಕ್ಕದ ಗಾಜಿನಲ್ಲಿ ಚೀಟಿ ಕಂಡೆಯಲ್ಲ, ಸರಿಯಾಗೇ ಇತ್ತಲ್ಲ ಎಂದು ಪಕ್ಕದವನು ಕೇಳಿದ. ಇತ್ತು ಎಂದು ಒಪ್ಪಿಕೊಂಡ.

"ಮತ್ತೆ ಇನ್ನೇನ್ಲಾ ನಿಂದು?"

"ನೋಡಿದ್ದು ಕಣ್ಣು ಕಣೋ. ಸತ್ತೋನು ಯಾಕ್ಲಾ ಸುಳ್ಳು ಹೇಳಾನು?"

ಕಣ್ಣಾರೆ ಕಂಡ ಚೀಟಿಗಿಂತ ಕಿವಿಯಲ್ಲಿ ಬಿದ್ದ ಹೆಣದ ಮಾತು ಗಟ್ಟಿಯಾಯಿತಲ್ಲ ಎಂದು ನೇತ್ರಾವತಿ ಕಿಟಕಿಗೆ ತಲೆ ಆನಿಸಿದಳು.

* * *

ಕುಣಿಗಲ್ ಕೆರೆಯ ಗಾಳಿ ತಾಗುವ ಬೀದಿಯಲ್ಲಿ ರುದ್ರಯ್ಯನವರ ಮನೆ. ಶಿವರುದ್ರಮ್ಮ ಬಾಗಿಲು ತೆರೆದಾಗ ಮೂರೂವರೆ. ಅತ್ತು ಅತ್ತು ಬತ್ತಿದ ಮುಖವಿರುತ್ತದೆ ಎಂದುಕೊಂಡಿದ್ದ ನೇತ್ರಾವತಿಗೆ ಬೇರೆಯೇ ಕಂಡಿತು. ತಲೆ ಬಾಚಿತ್ತು. ಹಣೆಯಲ್ಲಿ ಮೂರು ಬೆರಳ ವಿಭೂತಿ. ಯಾರದೋ ದಾರಿ ಕಾಯುವ ಹೆಂಗಸಿನ ಹಾಗಿದ್ದಳು.

"ಹೇಳಿಕೆ ನಾಳೆ ಅಲ್ವಾ?" ಎಂದಳು.

"ನಾಳೆಯೇ. ಇವತ್ತು ಸುಮ್ಮನೆ ಬಂದೆ."

ಕಿಟಕಿಯ ಪಕ್ಕ ಬೆತ್ತದ ಕುರ್ಚಿ. ಮೇಷ್ಟ್ರ ಕುರ್ಚಿ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಸೀಟು ಒಂದು ಕಡೆಗೆ ಕುಸಿದಿತ್ತು. ಅದರ ಮೇಲೆ ಯಾರೂ ಇಲ್ಲ. ಒಂದು ಸ್ಟೀಲ್ ಚೊಂಬಿಗೆ ಒರಗಿಸಿ ಫೋನೊಂದನ್ನು ನಿಲ್ಲಿಸಿದ್ದರು. ಚಾರ್ಜರ್ ವಯರು ಗೋಡೆಯವರೆಗೆ ಎಳೆದಿತ್ತು. ಕಿಟಕಿಯ ಗಾಜಿನಲ್ಲಿ ಫೋನಿನ ಬೆನ್ನು ಕಾಣುತ್ತಿತ್ತು. ಅಲ್ಲಿ ವಿಭೂತಿಯ ಮೂರು ಗೆರೆ ಎಳೆದಿತ್ತು.

ನೇತ್ರಾವತಿ ನೆಲದ ಮೇಲೆ ಕೂತಳು. ಕುರ್ಚಿಗೆ ಎದುರಾಗಿ ಒಂದು ಚಾಪೆ ಹಾಸಿತ್ತು; ಶಿವರುದ್ರಮ್ಮ ಅದರ ಮೇಲೆ ಕೂತಳು.

ಊಟ, ನಿದ್ದೆ, ಮಠದಿಂದ ಯಾರು ಬಂದಿದ್ದರು ಎಂದು ಅದೂ ಇದೂ ಮಾತಾಯಿತು. ನೇತ್ರಾವತಿ ಅರಳೀಪಾಳ್ಯಕ್ಕೆ ಹೋಗಿ ಬಂದದ್ದನ್ನು ಹೇಳಿದಳು. ಯಲ್ಲಯ್ಯನ ಕಾಲು ಮುಟ್ಟಲು ಮೇಷ್ಟ್ರು ಎದ್ದದ್ದು, ತಿರುಗಿ ಬಂದು ಗುಂಡಿ ಮರೆತದ್ದು. ಹೇಳುತ್ತಿದ್ದಂತೆ ಶಿವರುದ್ರಮ್ಮನ ಮುಖ ಮೆತ್ತಗಾಯಿತು.

"ಅವ್ರು ಹಂಗೇ," ಎಂದಳು. "ಅಂಗಡೀಲಿ ಸಾಮಾನು ಕಟ್ಟಿಸಿ, ಯಾರಾದ್ರೂ ಹಿರಿಯರು ಸಿಕ್ಕಿದ್ರೆ ಮಾತಾಡ್ಸಿ, ಸಾಮಾನು ಅಲ್ಲೇ ಬಿಟ್ಟು ಬರೋರು."

"ಅಕ್ಕ, ಯಾಸ್ಮೀನ್ ಅವತ್ತು ಎರಡು ಸಲ ಹೇಳಿದ್ಲಂತೆ, ಮೇಲಿನವರಿಗೆ ತಿಳಿಸಿ ಅಂತ. ಕೇಳಿಸಿಕೊಂಡವರು ಸಹಿ ಹಾಕಿದ್ದಾರೆ."

ಶಿವರುದ್ರಮ್ಮ ಚಾಪೆಯ ಅಂಚನ್ನು ಮಡಚಿದಳು.

"ಕೋಣೇಲಿ ಯಾರೂ ಸುಮ್ಮನಿರಿ ಅನ್ನಲಿಲ್ಲ. ಆದರೆ ಆ ದನಿ ಅನ್ನುತ್ತೆ, ಎದುರಿಗೆ ಕೂತಿದ್ದವಳು ಅಂದಳು ಅಂತ. ಪೂರಾ ಸುಳ್ಳು ಕಟ್ಟೋರು ಇಷ್ಟು ಸಣ್ಣ ಮಾತು ಕಟ್ಟಲ್ಲ. ಇದನ್ನ ಯಾರೋ ನಿಜವಾಗಿ ಅಂದಿದ್ದಾರೆ." ನೇತ್ರಾವತಿ ದನಿ ಇಳಿಸಿದಳು. "ಮೇಷ್ಟ್ರು ಮನೆಗೆ ಬಂದು ಊಟಕ್ಕೆ ಕೂತಾಗ, ಎದುರಿಗೆ ಯಾರು ಕೂತಿದ್ದು ಅಕ್ಕ?"

ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋದಳು. ಆ ಕೂಗು ತಿರುವಿನಲ್ಲಿ ಕರಗುವವರೆಗೂ ಶಿವರುದ್ರಮ್ಮ ತನ್ನ ಅಂಗೈ ನೋಡುತ್ತಿದ್ದಳು.

"ನಾನೇ," ಎಂದಳು. "ಎಂಟು ತಿಂಗಳಿತ್ತು ರಿಟೈರಿಗೆ. ಸಸ್ಪೆಂಡ್ ಮಾಡ್ಬುಡ್ತಾರೆ, ಸುಮ್ನಿರಿ, ಯಾರಿಗೂ ಹೇಳ್ಬೇಡಿ ಅಂದೆ. ನನ್ ಮಾತು ಕೇಳಿದ್ರು. ಗುರುವಾರವೆಲ್ಲ ಸುಮ್ನಿದ್ರು. ಶುಕ್ರವಾರ ಎದ್ದು ನೋಡಿದ್ರೆ ಹಾಸಿಗೆ ಖಾಲಿ."

ಬೆಟ್ಟಕ್ಕೆ ಯಾಕೆ ಹೋದರು, ಕಾಲು ಜಾರಿದ್ದೋ ಮನಸ್ಸು ಜಾರಿದ್ದೋ ಎಂದು ಇಬ್ಬರೂ ಕೇಳಲಿಲ್ಲ. ಅದು ಹುತ್ರಿದುರ್ಗದ ಕಲ್ಲಿಗೇ ಗೊತ್ತು.

"ಇದನ್ನ ಯಾರಿಗೆ ಹೇಳಿದ್ರಿ?"

"ಬೇರೆ ಯಾರಿಗೂ ಹೇಳಿಲ್ಲ. ಅವರಿಗೇ ಹೇಳಿದ್ದು."

"ಯಾರಿಗೆ?"

ಶಿವರುದ್ರಮ್ಮ ಕುರ್ಚಿಯ ಕಡೆ ನೋಡಿದಳು. "ಅವರಿಗೆ. ಶನಿವಾರ ಮಣ್ಣು ಮಾಡಿ ಬಂದು ಕೂತಿದ್ದೆ. ಸಂಜೆ ಫೋನ್ ಮಾಡಿದ್ರು."

ಶಿವರುದ್ರಮ್ಮ ತಾನಾಗಿಯೇ ಹೇಳಿದಳು. ಮೊದಲ ಸಲ ದನಿ ಕೇಳಿ ಫೋನನ್ನು ಎಸೆದಿದ್ದಳಂತೆ. ಮತ್ತೆ ಬಂತು. ಭಯ ಬೇಡ, ನಾನೇ, ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು ಎಂದಿತು. ಹೇಳಿದಳು. ಬಚ್ಚಿಟ್ಟುಕೊಂಡದ್ದೆಲ್ಲ ಹೇಳಿದಳು. ಅದು ಹೇಳಿದ ಹಾಗೆ ಫೋನಿನಲ್ಲಿ ಏನೋ ಒಂದು ಆ್ಯಪ್ ಹಾಕಿಕೊಂಡಳು. ಅಂದಿನಿಂದ ಫೋನನ್ನು ಆಫ್ ಮಾಡಿಲ್ಲ. ದಿನವೂ ಶಾಲೆ ಬಿಡುವ ಹೊತ್ತಿಗೆ, ಮೇಷ್ಟ್ರು ಮನೆಗೆ ಬರುತ್ತಿದ್ದ ನಾಲ್ಕೂಕಾಲಿಗೆ, ಫೋನು ಬರುತ್ತದೆ.

"ನಂಗೆ ಹುಚ್ಚು ಹಿಡ್ದಿಲ್ಲ ಕಣಮ್ಮ," ಎಂದಳು. "ಅದು ಅವರಲ್ಲ ಅಂತ ಗೊತ್ತು. ನನ್ ಕೈಯಾರೆ ಮಣ್ಣು ಹಾಕಿ ಬಂದೋಳು ನಾನು. ಆದ್ರೆ ಅದು ನಿಂದೇನೂ ತಪ್ಪಿಲ್ಲ ಅಂತು. ತಪ್ಪು ಆ ಹುಡುಗೀದು, ಅವಳ ಹೆಸರು ಹೇಳು, ನಿನ್ನ ಭಾರ ಇಳಿಯುತ್ತೆ ಅಂತು. ಅಷ್ಟು ಹೊತ್ತು ನಾನು ಉಸಿರಾಡ್ತೀನಿ."

ನೇತ್ರಾವತಿ ಗದರಲಿಲ್ಲ. ಇಂಥ ಉಸಿರಿಗಾಗಿ ಜನ ಏನೆಲ್ಲ ಮಾಡುವುದನ್ನು ಆಕೆ ನೋಡಿದ್ದಳು. "ಆ ಹುಡುಗಿ ಮೇಷ್ಟ್ರ ಮರ್ಯಾದೆ ಅಂತ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ ಅಕ್ಕ. ಅಮಾನತಾದ ಮೇಲೂ ಮಕ್ಕಳ ಪೇಪರ್ ತಿದ್ದುತ್ತಾ ಕೂತಿದ್ದಾಳೆ. ನಾಳೆ ನೀವು ಸಹಿ ಹಾಕಿದ್ರೆ ಜೈಲಿಗೆ ಹೋಗ್ತಾಳೆ. ಆಮೇಲೆ ಈ ದನಿ ನಿಮಗೆ ಫೋನ್ ಮಾಡುತ್ತೆ ಅಂದ್ಕೊಂಡಿದೀರಾ? ಅದಕ್ಕೆ ನಿಮ್ಮ ಕೆಲಸ ಮುಗಿದಿರುತ್ತೆ."

ಶಿವರುದ್ರಮ್ಮ ಏನೋ ಹೇಳಲು ಹೊರಟಳು.

ಕುರ್ಚಿಯ ಮೇಲೆ ಫೋನು ಬೆಳಗಿತು.

ನಾಲ್ಕೂಕಾಲು. ಪರದೆಯ ಮೇಲೆ ಉದ್ದನೆಯ ಪರದೇಶದ ನಂಬರು. ನೇತ್ರಾವತಿ ತುಟಿಯ ಮೇಲೆ ಬೆರಳಿಟ್ಟು, ಎತ್ತು ಎಂದು ಸನ್ನೆ ಮಾಡಿದಳು.

"ಶಿವೂ, ಕಾಫಿ ಆಯ್ತಾ?"

ಬಸ್ಸಿನಲ್ಲಿ ಕೇಳಿದ್ದಕ್ಕಿಂತ ಇದು ಹತ್ತಿರ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರ ದನಿ. ಪೊಲೀಸಿನ ಮೂವತ್ತೊಂದು ವರ್ಷದಲ್ಲಿ ಹೆಣ ನೋಡಿ ಹೆದರದ ನೇತ್ರಾವತಿ ಆ ಖಾಲಿ ಕುರ್ಚಿಯಿಂದ ಕಣ್ಣು ಕೀಳಲಾರದೆ ಕೂತಳು.

"ಆಯ್ತು," ಎಂದಳು ಶಿವರುದ್ರಮ್ಮ.

"ನಾಳೆ ಹೇಳೋದು ನೆನಪಿದೆಯಲ್ಲ? ದನಿ ನನ್ನದು. ಎದುರಿಗೆ ಕೂತಿದ್ದವಳು ಆ ಮೇಡಂ. ಅಷ್ಟು ಹೇಳಿದ್ರೆ ನನಗೂ ಶಾಂತಿ, ನಿನಗೂ ಶಾಂತಿ."

ಶಿವರುದ್ರಮ್ಮ ಫೋನಿನ ಹತ್ತಿರ ಸರಿದಳು. ಆಮೇಲೆ, ಮದುವೆಯಾಗಿ ಮೂವತ್ತು ವರ್ಷದ ಗಂಡನೊಡನೆ ಆಡುವ ಹಾಗೇ ಕೇಳಿದಳು. "ಒಂದ್ ಮಾತು ಕೇಳ್ಲಾ? ಬುಧವಾರ ರಾತ್ರಿ ನಾನು ಸುಮ್ನಿರಿ ಅಂದಾಗ, ನೀವು ಏನಂದ್ರಿ?"

ಒಂದು ಕ್ಷಣ ಅಲ್ಲಿ ಏನೂ ಇರಲಿಲ್ಲ. ಉಸಿರೂ ಇರಲಿಲ್ಲ.

"ನಿನ್ನ ಮೇಲೆ ಕೋಪ ಇಲ್ಲ ಅಂದೆ, ಶಿವೂ."

"ಇಲ್ಲ," ಎಂದಳು ಶಿವರುದ್ರಮ್ಮ. ಕಣ್ಣೀರು ಇಳಿಯುತ್ತಿತ್ತು, ಮಾತು ಮಾತ್ರ ನೆಟ್ಟಗಿತ್ತು. "ಏನೂ ಅನ್ನಲಿಲ್ಲ. ಅರ್ಧ ಊಟಕ್ಕೆ ಎದ್ದು ಕೈ ತೊಳ್ಕೊಂಡ್ರು. ಸುಮ್ನಿರಿ ಅಂದೋಳು ನಾನು. ನಾಳೆ ಅದನ್ನೇ ಹೇಳ್ತೀನಿ."

"ಆಗಲಿ ಶಿವೂ," ಎಂದಿತು ದನಿ, ಮೊದಲಿನಷ್ಟೇ ಮೆದುವಾಗಿ. "ಹುಷಾರಾಗಿರು."

ಕರೆ ಕಡಿಯಿತು.

ಶಿವರುದ್ರಮ್ಮ ಸೆರಗಿನಿಂದ ಫೋನಿನ ಬೆನ್ನಿನ ವಿಭೂತಿ ಒರೆಸಿದಳು. ನೇತ್ರಾವತಿ ಆಕೆಯ ತೋಳು ಒಮ್ಮೆ ಹಿಡಿದು ಬಿಟ್ಟಳು. ಆಮೇಲೆ ತನ್ನ ಫೋನು ತೆಗೆದು ಯಾಸ್ಮೀನ್‌ಗೆ ಕರೆ ಮಾಡಿದಳು. ಎಷ್ಟೋ ದಿನದ ನಂತರ ಒಂದು ಒಳ್ಳೆಯ ಸುದ್ದಿ ಹೇಳುವುದಿತ್ತು.

ಐದನೇ ರಿಂಗಿಗೆ ಎತ್ತಿದಳು.

"ಯಾಸ್ಮೀನ್, ನೇತ್ರಾವತಿ. ಇನ್ನು ಹೆದರಬೇಡ. ಶಿವರುದ್ರಮ್ಮ ನಿಜ ಹೇಳೋಕೆ ಒಪ್ಪಿದ್ದಾರೆ."

ಆ ಕಡೆ ಗಾಳಿಯ ಸದ್ದು, ಒಂದು ಎಂಜಿನ್ ಗುರುಗುಟ್ಟುವ ಸದ್ದು.

"ಎಲ್ಲಿದೀಯ ನೀನು?"

"ನೀವೇ ಹೇಳಿದ್ರಲ್ಲ ಮೇಡಂ." ಯಾಸ್ಮೀನ್ ಪಿಸುಗುಟ್ಟುತ್ತಿದ್ದಳು. "ಹತ್ತು ನಿಮಿಷದ ಹಿಂದೆ. ಜನ ಸೇರ್ತಿದ್ದಾರೆ, ಹಿಂದಿನ ಬಾಗಿಲಿಂದ ಬಾ, ಜೀಪ್ ಕಳಿಸಿದೀನಿ ಅಂತ. ಬಂದೆ. ಹತ್ತಿ ಕೂತಿದೀನಿ."

ಹತ್ತು ನಿಮಿಷದ ಹಿಂದೆ ನೇತ್ರಾವತಿ ಈ ಚಾಪೆಯ ಪಕ್ಕ ಕೂತು, ಒಮ್ಮೆಯೂ ಆಫ್ ಮಾಡದ ಆ ಫೋನಿನ ಎದುರಿಗೆ, ಮಾತಾಡುತ್ತಲೇ ಇದ್ದಳು. ಅಷ್ಟು ಹೊತ್ತೂ ಅದು ಅವಳ ದನಿಯನ್ನು ಕದಿಯುತ್ತಿತ್ತು. ಆಕೆ ಎದ್ದು ನಿಂತಳು.

"ನಾನು ಫೋನ್ ಮಾಡಿಲ್ಲ. ಇಳಿ ಯಾಸ್ಮೀನ್. ಈಗಲೇ ಇಳಿ. ಅದು ನಾನಲ್ಲ."

ಯಾಸ್ಮೀನ್ ಯೋಚಿಸುತ್ತಿದ್ದಳು. ಯೋಚಿಸಿ, ಮೇಷ್ಟ್ರ ಮುಂದೆ ಮಾತಾಡುವ ವಿನಯದಲ್ಲೇ ಹೇಳಿದಳು.

"ಅದನ್ನೂ ಹೇಳಿದ್ರು ಮೇಡಂ. ಇನ್ನೊಂದು ಫೋನ್ ಬರುತ್ತೆ, ನನ್ನ ನಂಬರಿಂದಲೇ, ನನ್ನ ದನೀಲೇ ಬರುತ್ತೆ, ಇಳಿ ಅನ್ನುತ್ತೆ, ನಂಬಬೇಡ ಅಂತ."

ಜೀಪಿನ ಬಾಗಿಲು ಹಾಕಿಕೊಂಡ ಸದ್ದು ಕುಣಿಗಲ್ಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.